ಕಾಪುವಿನಲ್ಲಿ ಇಳಿದವನು ಎಲ್ಲಿಯವನು

ನಮ್ಮ ಕಡೆಯ ಬಸ್ಸುಗಳಲ್ಲಿ ಮಗುವಿಗೆ ಟಿಕೇಟೂ ಬೇಡ, ಸೀಟೂ ಬೇಡ. ನಿಂತವರ ತೋಳಿನಲ್ಲಿ ಮಗುವಿದ್ದರೆ ಕೂತವರು ಕೈ ಚಾಚುತ್ತಾರೆ, ಮಗು ಅವರ ಮಡಿಲಿಗೆ ಹೋಗುತ್ತದೆ. ಹೆಸರು ಕೇಳುವುದಿಲ್ಲ, ಊರು ಕೇಳುವುದಿಲ್ಲ. ಇಳಿಯುವಾಗ ಮಗು ಒಂದು ಬಾಗಿಲಿನಿಂದ, ತಾಯಿ ಇನ್ನೊಂದು ಬಾಗಿಲಿನಿಂದ ಇಳಿದು ರಸ್ತೆಯಲ್ಲಿ ಒಂದಾಗುವುದೂ ಹೊಸತೇನಲ್ಲ. ನಾನೂ ಹಾಗೆಯೇ ಯಾರ್‍ಯಾರದೋ ಮಡಿಲಲ್ಲಿ ಕೂತು ದೊಡ್ಡವಳಾದವಳು. ಆದ್ದರಿಂದ ಆ ಭಾನುವಾರ ಉಡುಪಿಯಿಂದ ಕಾಪುವಿಗೆ ಹೊರಟ ಬಸ್ಸಿನಲ್ಲಿ ನಾನು ಮಾಡಿದ್ದರಲ್ಲಿ ವಿಶೇಷವೇನೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಊರಿಡೀ ನನ್ನನ್ನು ಕೇಳಿದ್ದು, ಮಗುವನ್ನು ಯಾಕೆ ಕೊಟ್ಟೆ ಎಂಬ ಅದೊಂದೇ ಪ್ರಶ್ನೆ.

ಕಡಿಯಾಳಿಯ ನಮ್ಮ ಬಾಡಿಗೆ ಮನೆಯಿಂದ ಮಗಳನ್ನು ಕರೆದುಕೊಂಡು ತಾಯಿಮನೆಗೆ ಹೊರಟಿದ್ದೆ. ಮಗಳಿಗೆ ಆಗಿನ್ನೂ ಮೂರು ತುಂಬಿತ್ತಷ್ಟೇ. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಒಂದು ಕೈಯಲ್ಲಿ ಇವಳು, ಇನ್ನೊಂದರಲ್ಲಿ ಚೀಲ, ಕಂಬಿ ಹಿಡಿಯಲು ಮೂರನೆಯ ಕೈ ದೇವರು ಕೊಟ್ಟಿಲ್ಲ. ಹಿಂದಿನ ಬಾಗಿಲಿನ ಹತ್ತಿರದ ಸೀಟಿನಲ್ಲಿ ಕೂತಿದ್ದ ಯುವಕನೊಬ್ಬ ಕೈ ಚಾಚಿದ. ಕಪ್ಪು ಬಣ್ಣ, ಗುಂಗುರು ಗುಂಗುರಾದ ಕೂದಲು, ದಪ್ಪ ತುಟಿ. ನಾನು ಕೆಲಸ ಮಾಡುವುದು ಮಣಿಪಾಲದಲ್ಲಿ, ದಿನ ಬೆಳಗಾದರೆ ಹತ್ತು ದೇಶದ ವಿದ್ಯಾರ್ಥಿಗಳನ್ನು ನೋಡುತ್ತೇನೆ. ಹಾಗಾಗಿ ಇಂಗ್ಲಿಷಿನಲ್ಲಿಯೇ, ಇವಳು ಸ್ವಲ್ಪ ಕೀಟಲೆ, ಸುಮ್ಮನೆ ಕೂರುವವಳಲ್ಲ ಎಂದೆ.

"ಕುಂದ್ರಲಿ ಬಿಡ್ರೀ ಅಕ್ಕಾರ. ನೀವು ಕಂಬಿ ಗಟ್ಟಿ ಹಿಡ್ಕೋರಿ" ಎಂದ ಅವನು.

ನಾನು ಬೆಪ್ಪಾದೆ. ಅವನಿಗೆ ನಗು ಬಂತು. ಇಂಥ ಬೆಪ್ಪುಮುಖಗಳನ್ನು ಬೇಕಾದಷ್ಟು ನೋಡಿದವನ ನಗು ಅದು.

"ನಮ್ದು ಹಳಿಯಾಳ ಕಡೆ ರೀ. ಸಿದ್ದಿ ಮಂದಿ ನಾವು. ಕಾರ್ಕಳದಾಗ ರಕ್ತ ಪರೀಕ್ಷೆ ಲ್ಯಾಬಿನ್ಯಾಗ ಕೆಲಸ ಮಾಡ್ತೀನಿ. ಇವತ್ತು ಸೂಟಿ, ಕಾಪು ಸಮುದ್ರ ನೋಡೂನು ಅಂತ ಹೊಂಟೀನಿ."

ಉತ್ತರ ಕನ್ನಡದ ಕಾಡಿನ ಸಿದ್ದಿಗಳ ಬಗ್ಗೆ ಪತ್ರಿಕೆಯಲ್ಲಿ ಓದಿದ್ದೆ. ನೂರಾರು ವರ್ಷಗಳ ಹಿಂದೆ ಹಡಗಿನಲ್ಲಿ ಆಫ್ರಿಕಾದಿಂದ ತಂದ ಗುಲಾಮರ ಸಂತತಿ. ಈಗ ನಮ್ಮ ಹಾಗೆಯೇ ಇಲ್ಲಿಯವರು. ಓದಿದ್ದು ಹೌದು, ಮಾತನಾಡಿಸಿದ್ದು ಅದೇ ಮೊದಲು. ಮಗಳು ಅಷ್ಟರಲ್ಲಿ ಅವನ ಕೂದಲಿಗೆ ಕೈ ಹಾಕಿ, ಸುರುಳಿಯನ್ನು ಎಳೆದು, ಬಿಟ್ಟು, ಅದು ಮತ್ತೆ ಸುತ್ತಿಕೊಳ್ಳುವುದನ್ನು ನೋಡಿ ಕಿಲಕಿಲ ನಗುತ್ತಿದ್ದಳು. "ಎಳಿ ಎಳಿ, ಉದುರಂಗಿಲ್ಲ" ಎಂದು ಅವನು ತಲೆ ಬಗ್ಗಿಸಿ ಕೊಟ್ಟ. ನನಗೆ ಸಮಾಧಾನವಾಯಿತು.

ಕಟಪಾಡಿಯಲ್ಲಿ ಒಂದು ಮದುವೆಯ ಗುಂಪೇ ಹತ್ತಿತು. "ಮುಂದೆ ಹೋಗಿ, ಮುಂದೆ ಹೋಗಿ, ಅಲ್ಲಿ ಜಾಗ ಉಂಟಲ್ವಾ" ಎಂದು ಕಂಡಕ್ಟರ್ ನೂಕಿ ನೂಕಿ ನನ್ನನ್ನು ಮುಂದಿನ ಬಾಗಿಲಿನವರೆಗೆ ತಲುಪಿಸಿದ. ಕಾಪು ಬಂದಾಗ ನಾನು ಅಲ್ಲಿಂದಲೇ ಕೂಗಿ ಹೇಳಿದೆ: "ನೀವು ಹಿಂದಿನಿಂದ ಇಳಿಯಿರಿ, ನಾನು ಮುಂದಿನಿಂದ ಇಳಿಯುತ್ತೇನೆ." ಅವನು ಕೈಯೆತ್ತಿ ಸರಿ ಎಂದ. ಮಗಳನ್ನು ಎತ್ತಿಕೊಂಡು ಇಳಿದದ್ದನ್ನು ಕಿಟಕಿಯಿಂದ ನೋಡಿದೆ. ನನ್ನ ಚೀಲದ ಪಟ್ಟಿ ಮಾತ್ರ ಮದುವೆಯ ಹೆಂಗಸೊಬ್ಬರ ಸೆರಗಿನ ಪಿನ್ನಿಗೆ ಸಿಕ್ಕಿಕೊಂಡಿತು. ನಾನು ಬಿಡಿಸುತ್ತಿದ್ದೇನೆ, ಹಿಂದೆ ಕಂಡಕ್ಟರ್ ಸೀಟಿ ಊದಿದ, ಹಿಂದಿನ ಬಸ್ಸಿಗೆ ಹೆದರಿ ಓಡಿಸುವ ಡ್ರೈವರು ಆಕ್ಸಿಲರೇಟರ್ ಒತ್ತಿದ. ಬಸ್ಸು ಹೊರಟೇಬಿಟ್ಟಿತು!

"ನಿಲ್ಲಿಸಿ, ನನ್ನ ಮಗು ಕೆಳಗುಂಟು!" ಎಂದು ಬೊಬ್ಬೆ ಹೊಡೆದೆ. ಹಾಡು ಹಾಕಿದ್ದ ಆ ಬಸ್ಸಿನಲ್ಲಿ ನನ್ನ ಬೊಬ್ಬೆ ಯಾರಿಗೆ ಕೇಳಬೇಕು? ಹೆಂಗಸರೆಲ್ಲ ಸೇರಿ ಬಸ್ಸಿನ ತಗಡು ಬಡಿದ ಮೇಲೆ ನಿಂತಿತು, ಸುಮಾರು ದೂರ ಹೋಗಿ. ಹಿಂದಿರುಗಿ ಓಡಿದೆ. ನಿಜ ಹೇಳುತ್ತೇನೆ, ಮಗುವಿನ ಬಗ್ಗೆ ನನಗೆ ಹೆದರಿಕೆ ಇರಲಿಲ್ಲ. ಅವನ ಕೈಯಲ್ಲಿದ್ದಾಳೆ ಎಂದು ಗೊತ್ತಿತ್ತು. ಅಳುತ್ತಿರಬಹುದು, ಅಷ್ಟೇ.

ಆದರೆ ನಿಲ್ದಾಣದ ಹತ್ತಿರ ಜನ ಸೇರಿದ್ದರು. "ಪತ್ತ್‌ಲೆ, ಪತ್ತ್‌ಲೆ", ಹಿಡಿಯಿರಿ ಹಿಡಿಯಿರಿ ಎಂದು ತುಳುವಿನಲ್ಲಿ ಕೂಗುತ್ತಿದ್ದರು. ರಿಕ್ಷಾದವರು, ಅಂಗಡಿಯವರು, ಮೀನು ಮಾರುವ ಹೆಂಗಸರು, ಎಲ್ಲರೂ. ಗುಂಪಿನ ನಡುವೆ ಅವನಿದ್ದ. ತುಟಿಯಿಂದ ರಕ್ತ ಸುರಿಯುತ್ತಿತ್ತು. ಅಂಗಿಯ ಕಾಲರನ್ನು ಒಂದು ಕೈ ಬಿಗಿಯಾಗಿ ಹಿಡಿದಿತ್ತು, ಆ ಕೈ ನನ್ನ ಸೋದರಮಾವನದು.

ಮಾವನ ವಿಷಯ ಹೇಳಬೇಕು. ಮಲ್ಪೆಯಲ್ಲಿ ಅವರದೊಂದು ಬೋಟು ಇದೆ. ಅದಕ್ಕಿಂತ ದೊಡ್ಡದು, ಅವರು ನಮ್ಮ ಊರಿನ ಗುರಿಕಾರ. ಗಂಡ ಹೆಂಡಿರ ಜಗಳ, ಬಲೆಯ ಜಗಳ, ಗಡಿಯ ಜಗಳ, ಯಾವುದಾದರೂ ಮೊದಲು ಬರುವುದು ಅವರ ಜಗಲಿಗೆ. ಎರಡೂ ಕಡೆಯವರ ಮಾತು ಮುಗಿಯುವ ತನಕ ತುಟಿ ಬಿಚ್ಚುವವರಲ್ಲ. "ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡಬೇಕು" ಎಂಬುದು ಅವರ ಬಾಯಲ್ಲೇ ಇರುವ ಗಾದೆ. ನನ್ನನ್ನು ಎತ್ತಿ ಆಡಿಸಿ, ಓದಿಸಿ, ಮದುವೆ ಮಾಡಿಕೊಟ್ಟವರು. ಅವರು ಯಾರ ಮೇಲಾದರೂ ಕೈ ಎತ್ತಿದ್ದನ್ನು ನಾನು ನೋಡಿದವಳಲ್ಲ. ಆ ದಿನ ನಮ್ಮನ್ನು ಸ್ಕೂಟರಿನಲ್ಲಿ ಕರೆದೊಯ್ಯಲು ಬಂದು ಕಾಯುತ್ತಿದ್ದರು. ಅವರು ಕಂಡದ್ದು ಇಷ್ಟು: ಒಬ್ಬ ಕಪ್ಪು ಮನುಷ್ಯ ತಮ್ಮ ಮೊಮ್ಮಗಳನ್ನು ಎತ್ತಿಕೊಂಡು ಓಡುತ್ತಿದ್ದಾನೆ, ಮಗು ಅಮ್ಮಾ ಅಮ್ಮಾ ಎಂದು ಅರಚುತ್ತಿದೆ. ಅವನು ಓಡುತ್ತಿದ್ದದ್ದು ನನ್ನ ಬಸ್ಸಿನ ಹಿಂದೆ. ಬಸ್ಸು ಅವರಿಗೆ ಕಾಣಲಿಲ್ಲ.

"ಕೂಸಿನ ಅವ್ವ ಬಸ್ಸಿನ್ಯಾಗ ಅದಾರ್ರೀ, ಬಸ್ಸಿನ್ಯಾಗ ಅದಾರ" ಎಂದು ಅವನು ಹೇಳುತ್ತಲೇ ಇದ್ದ.

"ಕನ್ನಡವನ್ನೂ ಕಲಿತುಕೊಂಡು ಬಂದಿದ್ದಾನೆ ನೋಡಿ ಮಾರಾಯ್ರೆ! ಮಕ್ಕಳನ್ನು ಮರುಳು ಮಾಡಲು" ಎಂದ ಒಬ್ಬ ರಿಕ್ಷಾದವ.

ತಾನು ಹುಟ್ಟಿದಾಗಿನಿಂದ ಆಡಿದ ಮಾತನ್ನು ಒಬ್ಬ ಆಡಿದರೆ ಅದೇ ಅವನ ಕಳ್ಳತನಕ್ಕೆ ಸಾಕ್ಷಿಯಾಗುವುದೆಂದರೇನು? ಒಂದು ವೇಳೆ ಅವನು ಕನ್ನಡದಲ್ಲಿ ಹೇಳದೆ ಸುಮ್ಮನಿದ್ದಿದ್ದರೆ? ಆಗ, ನೋಡಿ, ಬಾಯಿ ಬಿಡುವುದಿಲ್ಲ ಎನ್ನುತ್ತಿದ್ದರು. ಅವನು ಮುಖ ಒರೆಸಿಕೊಂಡ. "ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ" ಎಂದು ಇನ್ನೊಬ್ಬರು ನಕ್ಕರು. ರಕ್ತವನ್ನೂ ಒರೆಸಿಕೊಳ್ಳಬಾರದೇ?

ಮಗಳು ಮೀನು ಮಾರುವ ಹೆಂಗಸೊಬ್ಬಳ ಸೊಂಟದಲ್ಲಿದ್ದಳು. ನನ್ನನ್ನು ಕಂಡದ್ದೇ ಆ ಹೆಂಗಸು, "ಹೆದರಬೇಡ ಮಗಾ, ಮಗು ಸಿಕ್ಕಿತು. ದೇವರು ದೊಡ್ಡವನು" ಎಂದು ನನ್ನ ಬೆನ್ನು ಸವರಿದಳು. ನಾನು ಕೂಗುತ್ತಿದ್ದದ್ದು ಬೇರೆಯೇ. "ಬಿಡಿ ಅವನನ್ನು! ಮಗುವನ್ನು ಕೊಟ್ಟದ್ದು ನಾನೇ! ನಾನೇ ಕೊಟ್ಟದ್ದು!" ಒಬ್ಬರಾದರೂ ಕಿವಿಗೊಡಬೇಕಲ್ಲ? ಪಾಪ, ಆಘಾತವಾಗಿದೆ, ನೀರು ಕೊಡಿ ಎಂದು ಯಾರೋ ನನಗೆ ಬಾಟಲಿ ಹಿಡಿದರು. ಆ ಬಾಟಲಿಯನ್ನು ರಸ್ತೆಗೆ ಎಸೆದು, ಗುಂಪನ್ನು ಮೊಣಕೈಯಿಂದ ತಿವಿದು, ಮಾವನ ಮಣಿಕಟ್ಟು ಹಿಡಿದೆ. "ಮಾವಾ, ಬಿಡಿ. ನಾನು ಕೊಟ್ಟದ್ದು."

ಮಾವನ ಹಿಡಿತ ಸಡಿಲವಾಯಿತು. ಸಾಕು, ಮುಗಿಯಿತು ಎಂದುಕೊಂಡೆ. ಎಲ್ಲಿ ಮುಗಿಯಿತು! ಆ ಕಣ್ಣುಗಳೆಲ್ಲ ಅವನನ್ನು ಬಿಟ್ಟು ನನ್ನ ಮೇಲೆ ಬಿದ್ದವು. "ಇವನಿಗೆ ಕೊಟ್ಟದ್ದಾ? ನಿಮಗೆ ತಲೆ ಸರಿ ಉಂಟಾ?" ಎಂದರು. "ಮುಖ ನೋಡಿದರೆ ಗೊತ್ತಾಗುವುದಿಲ್ವಾ?" ಎಂದರು. ಒಬ್ಬರು ಅವನ ಕಡೆ ತಿರುಗಿ, "ಪಾಸ್‌ಪೋರ್ಟ್ ತೆಗಿ" ಎಂದರು.

"ನನ್ಹತ್ರ ಪಾಸ್‌ಪೋರ್ಟ್ ಇಲ್ರೀ" ಎಂದ ಅವನು.

"ಕೇಳಿದಿರಾ? ಪಾಸ್‌ಪೋರ್ಟೇ ಇಲ್ಲ!"

ಅಯ್ಯೋ ದೇವರೇ! ಅಲ್ಲಿ ನಿಂತ ಅಷ್ಟೂ ಜನರಲ್ಲಿ ಎಷ್ಟು ಮಂದಿಯ ಹತ್ತಿರ ಪಾಸ್‌ಪೋರ್ಟಿತ್ತು? ನನ್ನ ಹತ್ತಿರವೂ ಇಲ್ಲ. ಹಳಿಯಾಳದಿಂದ ಕಾಪುವಿಗೆ ಬರಲು ಅದು ಯಾಕೆ ಬೇಕು? ಅವನು ಆಧಾರ್ ಕಾರ್ಡು ತೆಗೆದು ತೋರಿಸಿದ. ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇಂಥದ್ದೆಲ್ಲ ಈಗ ಎಲ್ಲಿ ಬೇಕಾದರೂ ಸಿಗುತ್ತದೆ" ಎಂದು ಹಿಂದಕ್ಕೆ ಕೊಟ್ಟರು. ಇಬ್ಬರು ಮೂವರು ಮೊಬೈಲ್ ಎತ್ತಿ ಹಿಡಿದು ಮೊದಲಿನಿಂದಲೂ ಚಿತ್ರ ತೆಗೆಯುತ್ತಿದ್ದರು. ನನಗೆ ಆಗ ನಿಜವಾದ ಹೆದರಿಕೆ ಹುಟ್ಟಿತು. ನನ್ನ ಹುಟ್ಟೂರಿನ ರಸ್ತೆಯಲ್ಲಿ, ನನ್ನನ್ನು ಚಿಕ್ಕಂದಿನಿಂದ ನೋಡಿದವರ ನಡುವೆ, ನನ್ನ ಮಾತಿಗೆ ಮೂರು ಕಾಸಿನ ಬೆಲೆ ಇಲ್ಲ, ಇವರು ಇವನನ್ನು ಕೊಂದೇಬಿಡುತ್ತಾರೆ ಎನಿಸಿತು.

ಬಿಡಿಸಿದವರು ಮಾವನೇ. "ಆಯಿತು, ಎಲ್ಲರೂ ಹೋಗಿ. ಇದು ನಮ್ಮ ಮನೆಯ ವಿಷಯ" ಎಂದರು. ಅವರ ಒಂದು ಮಾತಿಗೆ ಗುಂಪು ಕರಗಿತು. ನನ್ನ ಅಷ್ಟು ಬೊಬ್ಬೆಯಿಂದ ಆಗದ್ದು ಅದರಿಂದ ಆಯಿತು.

ಅವನನ್ನು ಮನೆಗೆ ಕರೆದುಕೊಂಡು ಹೋದೆವು. ಅಮ್ಮ ಬಾಗಿಲಲ್ಲಿ ನೋಡಿ ಗಾಬರಿಯಾದಳು. ವಿಷಯ ಹೇಳಿದ ಮೇಲೆ ಕುಡಿಯಲು ಎಳನೀರು ತಂದು, ಕಿವಿ ಕೇಳದವರಿಗೆ ಹೇಳುವ ಹಾಗೆ ಕೈಸನ್ನೆ ಮಾಡಿ, "ವಾಟರ್, ಡ್ರಿಂಕ್, ಡ್ರಿಂಕ್" ಎಂದಳು. "ಕೊಡ್ರೀ ಅಮ್ಮಾರ, ಬಾಯಿ ಒಣಗೇತಿ" ಎಂದ ಅವನು. ಅಮ್ಮ ನನ್ನ ಮುಖ ನೋಡಿದಳು, ಮತ್ತೆ ಅವನ ಕಡೆ ತಿರುಗಿ, "ಗುಡ್ ಗುಡ್" ಎಂದಳು. ಬೇರೆ ದಿನವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ.

ತುಟಿಗೆ ಅರಿಶಿನ ಹಚ್ಚಿಕೊಂಡು ಅವನು ಜಗಲಿಯಲ್ಲಿ ಕೂತಿದ್ದ. ಹೊಸದೇನೂ ಆಗಿಲ್ಲ ಎಂಬಂತೆ ಎಳನೀರು ಕುಡಿಯುತ್ತಿದ್ದ. ಅದು ನನ್ನನ್ನು ಇನ್ನಷ್ಟು ಕಂಗೆಡಿಸಿತು. ತಪ್ಪಾಯಿತು, ನನ್ನಿಂದ ನಿಮಗೆ ಹೀಗಾಯಿತು ಎಂದೆ.

"ತಪ್ಪು ನಂದು ಅಕ್ಕಾರ. ನಾ ಓಡಬಾರ್ದಿತ್ತು. ಪ್ಯಾಟ್ಯಾಗ ಓಡಬ್ಯಾಡ, ನಿನ್ನ ಹಿಂದ ಹುಲಿ ಬಂದ್ರೂ ನಡ್ಕೊಂತ ಹೋಗು ಅಂತ ನಮ್ಮವ್ವ ಹೇಳಿ ಕಳಿಸ್ಯಾಳ. ಕೂಸು ಅಳಾಕತ್ತಿತ್ತು, ಬಸ್ಸು ಹೊಂಟಿತ್ತು. ಮರತೇಬಿಟ್ಟೆ."

ಮಕ್ಕಳಿಗೆ ನಾವು ರಸ್ತೆ ದಾಟುವುದನ್ನು ಕಲಿಸುತ್ತೇವೆ, ಅಪರಿಚಿತರು ಕೊಟ್ಟದ್ದನ್ನು ತಿನ್ನಬಾರದೆಂದು ಕಲಿಸುತ್ತೇವೆ. ಓಡಬೇಡ ಎಂದು ಕಲಿಸಿದ ತಾಯಿಯನ್ನು ನಾನು ಕೇಳಿರಲಿಲ್ಲ. ಆ ತಾಯಿಗೆ ಯಾರು ಕಲಿಸಿರಬೇಕು? ನನಗೆ ಕಣ್ಣು ತುಂಬಿ ಬಂತು, ಎದ್ದು ಒಳಗೆ ಹೋದೆ.

ಹೊರಗೆ ಬರುವಾಗ ಅವನ ಮೊಬೈಲ್ ಬಡಿದುಕೊಳ್ಳುತ್ತಿತ್ತು. ನೋಡಿದ, ತೆಗೆಯಲಿಲ್ಲ. ಮತ್ತೆ ಬಂತು. ಆಮೇಲೆ ಒಂದು ಧ್ವನಿ ಸಂದೇಶ ಬಂತು. ಕಾರ್ಕಳದ ಅವನ ಮನೆಯೊಡತಿ. ಕಾಪುವಿನಲ್ಲಿ ಮಕ್ಕಳ ಕಳ್ಳ ಸಿಕ್ಕಿದ ಎಂಬ ವಿಡಿಯೋ ಅವರ ಗ್ರೂಪಿಗೂ ಬಂದಿತ್ತು. ಸಂಜೆಯೊಳಗೆ ಬಂದು ಸಾಮಾನು ತೆಗೆದುಕೊಂಡು ಹೋಗಬೇಕು, ಇಲ್ಲದಿದ್ದರೆ ರಸ್ತೆಗೆ ಹಾಕುತ್ತೇನೆ ಎಂದು ಆಕೆ ಹೇಳಿದ್ದರು. ನಾವು ನಿಲ್ದಾಣದಿಂದ ಮನೆಗೆ ಬಂದು ಒಂದು ಎಳನೀರು ಕುಡಿಯುವಷ್ಟರಲ್ಲಿ!

ಹೊಡೆತ ಬಿದ್ದಾಗ ಬಾರದ ಭಯ ಆಗ ಅವನ ಮುಖದಲ್ಲಿ ಕಂಡಿತು. "ರೂಮು ಹೋದ್ರ ಕೆಲಸನೂ ಹೋದಂಗ ಅಕ್ಕಾರ. ಆ ರೂಮು ಸಿಗಾಕ ಎಷ್ಟು ಬಾಗಲಾ ಬಡದೀನಿ ನಿಮಗ ಗೊತ್ತಿಲ್ಲ. ಬ್ಯಾರೆ ರೂಮು ಯಾರೂ ಕೊಡಂಗಿಲ್ಲ" ಎಂದ.

ನಾನು ಮಾವನ ಮುಂದೆ ನಿಂತೆ. ನಮ್ಮ ಮನೆಯ ಮಾತು ತುಳು, ಅವನಿಗೆ ಅರ್ಥವಾಗುವುದಿಲ್ಲ, ಆದ್ದರಿಂದ ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ. "ಆ ವಿಡಿಯೋದಲ್ಲಿ ಇರುವುದು ನಿಮ್ಮ ಮುಖ, ನಿಮ್ಮ ಕೈ. ಗುರಿಕಾರರು ಹಿಡಿದಿದ್ದಾರೆ ಅಂದ ಮೇಲೆ ಕಳ್ಳನೇ ಅಂತ ಜನ ನಂಬಿದ್ದು. ಈಗ ನೀವೇ ಹೇಳಬೇಕು. ಇವನು ನಮ್ಮ ರಾಜ್ಯದವನೇ, ಹಳಿಯಾಳದವನು, ಏನೂ ತಪ್ಪು ಮಾಡಿಲ್ಲ, ತಪ್ಪು ನನ್ನದು ಅಂತ."

"ನಾನು ಎಲ್ಲರೆದುರು ತಪ್ಪು ಅಂದರೆ ನಾಳೆ ನನ್ನ ಜಗಲಿಗೆ ಯಾರು ಬರುತ್ತಾರೆ ಮಗಾ?"

"ಬಾರದಿದ್ದರೆ ಬಾರದಿರಲಿ! ಪರಾಂಬರಿಸದೆ ಹೊಡೆಯುವವರ ಜಗಲಿ ಯಾಕೆ ಬೇಕು ಜನರಿಗೆ?"

ಅವರಿಗೆ ಹಾಗೆ ಎದುರಾಡಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಅಮ್ಮ ಒಳಗಿನಿಂದ ಶ್ ಎಂದಳು. ಮಾವ ಕಡೆಗೆ ಎದ್ದು, ಬೈರಾಸು ಟವೆಲನ್ನು ಹೆಗಲಿಗೆ ಹಾಕಿಕೊಂಡು, "ಆಯಿತು, ಹೇಳುತ್ತೇನೆ" ಎಂದರು. ನನಗೆ ಅವರ ಮೇಲಿನ ಅಭಿಮಾನ ಅರ್ಧವಾದರೂ ಮರಳಿ ಬಂತು. ವಯಸ್ಸಾದ ಗಂಡಸು, ಊರಿಗೆ ಹಿರಿಯ, ಕ್ಷಮೆ ಕೇಳಲು ಎದ್ದು ನಿಂತದ್ದು ಸಣ್ಣ ಸಂಗತಿಯಲ್ಲ.

ನೆರೆಮನೆಯವರು ಮೊಬೈಲ್ ಹಿಡಿದರು. ಊರಿನ ಎಲ್ಲ ಗ್ರೂಪುಗಳಲ್ಲೂ ಇರುವ ಮನುಷ್ಯ ಅವರು. ಮಾವ ಅಂಗಳದಲ್ಲಿ ಅವನ ಹೆಗಲಿಗೆ ಕೈ ಹಾಕಿ ನಿಂತು, ಪಂಚಾಯಿತಿಯ ಗಂಭೀರ ಕನ್ನಡದಲ್ಲಿ ಶುರು ಮಾಡಿದರು.

"ಬಂಧುಗಳೇ, ಇವತ್ತು ನನ್ನ ಕೈಯಿಂದ ಒಂದು ದೊಡ್ಡ ತಪ್ಪಾಗಿದೆ. ಈ ಹುಡುಗ ಕಳ್ಳನಲ್ಲ. ನನ್ನ ಮೊಮ್ಮಗಳನ್ನು ಕಾಪಾಡಿದವನು. ಅವನನ್ನು ಹೊಡೆದದ್ದಕ್ಕೆ ನಾನು ಕೈ ಮುಗಿದು ಕ್ಷಮೆ ಕೇಳುತ್ತೇನೆ." ನಿಜವಾಗಿಯೂ ಕೈ ಮುಗಿದರು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಷ್ಟಕ್ಕೇ ನಿಲ್ಲಿಸಬಾರದಿತ್ತೇ? "ಅಷ್ಟು ದೂರದ ಆಫ್ರಿಕಾದಿಂದ ಬಂದು ಎಷ್ಟು ಚಂದ ಕನ್ನಡ ಕಲಿತಿದ್ದಾನೆ ನೋಡಿ. ನಮ್ಮ ಮಕ್ಕಳಿಗೆ ಬರುವುದಿಲ್ಲ ಇಷ್ಟು. ಬೇರೆ ದೇಶದಿಂದ ಬಂದವರು ನಮಗೆ ದೇವರ ಹಾಗೆ. ಇಂಥವರಿಗೆ ನಮ್ಮ ಊರಿನಲ್ಲಿ ತೊಂದರೆ ಆಗಬಾರದು."

ಹಳಿಯಾಳ ಎಂದು ಅವರ ಮುಖಕ್ಕೆ ಹೊಡೆದ ಹಾಗೆ ಹೇಳಿ ಹತ್ತು ನಿಮಿಷವಾಗಿರಲಿಲ್ಲ. ಅವರು ಸುಳ್ಳು ಹೇಳಲಿಲ್ಲ, ಅದೇ ನನಗೆ ಹೆಚ್ಚು ದಿಗಿಲು ಹುಟ್ಟಿಸಿದ್ದು. ಅವರ ಕಿವಿಗೆ ಹಳಿಯಾಳ ಬಿದ್ದಿತ್ತು, ಆದರೆ ಅವರ ಕಣ್ಣು ಅದನ್ನು ಒಳಗೆ ಬಿಟ್ಟುಕೊಂಡಿರಲಿಲ್ಲ.

"ಮಾವಾ, ಎಂತ ಹೇಳಿದಿರಿ ನೀವು! ಆಫ್ರಿಕಾ ಅಲ್ಲ! ಇನ್ನೊಮ್ಮೆ ಹೇಳಿ, ಅದನ್ನು ಕಳಿಸಬೇಡಿ" ಎಂದು, ತುಳು ಮರೆತು ಕನ್ನಡದಲ್ಲೇ ಕೂಗಿದೆ.

"ಕಳಿಸಿ ಆಯಿತಲ್ಲ" ಎಂದರು ನೆರೆಮನೆಯವರು. "ಆಗಲೇ ಎಲ್ಲರೂ ಕೈಮುಗಿಯುವ ಚಿತ್ರ ಹಾಕ್ತಾ ಇದ್ದಾರೆ. ಚಂದ ಬಂದಿದೆ."

"ಅಳಿಸಿ ಅದನ್ನು! ಬೇರೆ ಮಾಡುವ. ಅವನು ಎಲ್ಲಿಯವನು ಅಂತ ಸರಿಯಾಗಿ ಹೇಳುವ."

ನನ್ನ ತೋಳನ್ನು ಯಾರೋ ಮೆಲ್ಲಗೆ ಮುಟ್ಟಿದರು. ಅವನೇ. "ಬ್ಯಾಡ್ರೀ ಅಕ್ಕಾರ" ಎಂದ, ನನಗೊಬ್ಬಳಿಗೇ ಕೇಳುವ ಹಾಗೆ. "ಅಳಿಸಬ್ಯಾಡ್ರಿ. ಅವರು ಹೇಳಿದ್ದು ಛಲೋನ ಆತು."

"ಎಂತ ಚಲೋ? ಸುಳ್ಳಲ್ವಾ ಅದು?"

"ನಮ್ಮ ಮನಿ ಮಾಲಕ್ರಿಗೆ ನಾ ಹಳಿಯಾಳದಾವ ಅಂತ ಗೊತ್ತಿಲ್ರಿ. ಮೊದಲು ಹೋದ ಮನ್ಯಾಗೆಲ್ಲಾ ಖರೇ ಹೇಳಿದೆ. ಸಿದ್ದಿ ಅಂದಕೂಡ್ಲೇ ಅದ್ಯಾವ ಜಾತಿ, ಕಾಡಾಗಿನವರೇನು, ಎಷ್ಟು ಮಂದಿ ಬಂದು ಇರ್ತೀರಿ ಅಂತ ಕೇಳಿ ಬಾಗಲಾ ಹಾಕ್ಕೊಂಡ್ರು. ಈ ಅಮ್ಮಾರು ತಾವಾಗೇ ಇಂಗ್ಲಿಷಿನ್ಯಾಗ ಮಾತಾಡ್ಸಿದ್ರು. ನಾನೂ ಇಂಗ್ಲಿಷಿನ್ಯಾಗ ಹೂಂ ಅಂದೆ. ಫಾರಿನ್ನಿನವ ಅಂದ್ರ ಜಾತಿ ಕೇಳಂಗಿಲ್ರಿ, ಕುರ್ಚಿ ಕೊಡ್ತಾರ."

ಇಷ್ಟು ಹೊತ್ತು ನಾನು ಗಂಟಲು ಹರಿದುಕೊಂಡು ಊರಿಗೆಲ್ಲ ಸಾರಲು ಹೊರಟ ಸತ್ಯ ಯಾವುದೋ, ಅದೇ ಸತ್ಯ ಅವನನ್ನು ಬೀದಿಗೆ ಹಾಕುತ್ತಿತ್ತು.

ಅವನ ಮೊಬೈಲ್ ಮತ್ತೆ ಬಡಿದುಕೊಂಡಿತು. ಈ ಸಲ ತೆಗೆದ. ಬೆನ್ನು ನೆಟ್ಟಗೆ ಮಾಡಿ, ಗಂಟಲು ಸರಿಪಡಿಸಿಕೊಂಡು, ಎಲ್ಲಿಯದೋ ಒಂದು ದಪ್ಪ ದನಿಯಲ್ಲಿ, ತಡೆದು ತಡೆದು ಇಂಗ್ಲಿಷಿನಲ್ಲಿ ಮಾತನಾಡಿದ. "ಎಸ್ ಆಂಟಿ. ನೋ ಪ್ರಾಬ್ಲಮ್ ಆಂಟಿ. ಗುಡ್ ಪೀಪಲ್, ವೆರಿ ಗುಡ್ ಪೀಪಲ್." ಆ ಕಡೆಯಿಂದ, ಮಾವನ ವಿಡಿಯೋ ನೋಡಿದ ಮನೆಯೊಡತಿ ಸಾರಿ ಸಾರಿ ಎನ್ನುವುದು ನನಗೂ ಕೇಳುತ್ತಿತ್ತು. ಮಗಳು ಅವನ ಕಾಲನ್ನು ತಬ್ಬಿಕೊಂಡು ನಿಂತು ಮೇಲೆ ನೋಡುತ್ತಿದ್ದಳು. ಬಸ್ಸಿನಲ್ಲಿ ತನ್ನೊಡನೆ ಮಾತನಾಡಿದವನು ಇವನೇ ಹೌದೋ ಅಲ್ಲವೋ ಎಂದು ಅವಳಿಗೆ ಅನುಮಾನ ಬಂದಂತಿತ್ತು.

ಮಾತು ಮುಗಿಸಿ ಅವನು ಮೊಬೈಲ್ ಜೇಬಿಗೆ ಹಾಕಿದ. ರೂಮು ಉಳಿಯಿತು ಎಂದು ಮುಖ ಹೇಳುತ್ತಿತ್ತು. ಮಾವ ಹಿಗ್ಗಿದರು. "ನೋಡಿದೆಯಾ ಮಗಾ, ನನ್ನ ಒಂದು ಮಾತಿಗೆ ಕಾರ್ಕಳದಲ್ಲೂ ಬೆಲೆ ಉಂಟು" ಎಂದು ನನಗೆ ಹೇಳಿ, ಅವನ ಬೆನ್ನು ತಟ್ಟಿದರು.

ಅವನು ನನ್ನ ಕಡೆ ನೋಡಲಿಲ್ಲ. ಮಾವನ ಕಡೆ ತಿರುಗಿ ತಲೆ ಬಾಗಿಸಿ, "ಥ್ಯಾಂಕ್ಯೂ ಅಂಕಲ್" ಎಂದ. "ಇಂಡಿಯಾ ಈಸ್ ವೆರಿ ನೈಸ್ ಕಂಟ್ರಿ."